ಹಿಂದಿನಿಂದ ತಳ್ಳೋ ಕುದುರೆ

ಕ್ಯಾಮೆರಾದಲ್ಲಿ ಕಾಣ್ತಿರೋದು ಬರೀ ರಸ್ತೆ, ಒದ್ದೆ ಹುಲ್ಲು, ಒಂದು ಕಲ್ಲಿನ ಗೋಡೆ. ಇಂಗ್ಲೆಂಡಿನ ಡರ್ಬಿಶೈರ್, ಫ್ರಿಚ್ಲಿ ಅನ್ನೋ ಹಳ್ಳಿ. ನಿಜ ಹೇಳ್ಬೇಕಂದ್ರೆ ತೋರಿಸೋಕೆ ಇಲ್ಲೇನೂ ಇಲ್ಲ. ಆದ್ರೆ ಈ ರಸ್ತೆ ಕೆಳಗೆ 1793ರ ಕಾಲದ ಒಂದು ಸುರಂಗ ಮುಚ್ಚಿಹೋಗಿದೆ. ಕ್ರಿಚ್ ಗುಡ್ಡದ ಸುಣ್ಣದಕಲ್ಲನ್ನ ಕ್ರಾಮ್‌ಫರ್ಡ್ ಕಾಲುವೆಗೆ ಇಳಿಸ್ತಿದ್ದ ಹಳಿ ದಾರಿಯ ಸುರಂಗ ಅದು. ಬಂಡಿ ಎಳೀತಿದ್ದದ್ದು ಕುದುರೆಗಳು.

1813ರಲ್ಲಿ ಇದೇ ಹಳಿ ಮೇಲೆ ಒಂದು ಹಬೆ ಕುದುರೆ ನಡೀತು. ಬರೀ ಹೆಸರಿಗಲ್ಲ ರೀ, ಕಾಲೇ ಇತ್ತು ಅದಕ್ಕೆ!

ನೆಪೋಲಿಯನ್ ಜೊತೆ ಯುದ್ಧ ನಡೀತಿದ್ದ ಕಾಲ. ಕುದುರೆ ದುಬಾರಿ, ಮೇವೂ ದುಬಾರಿ. ಬಟರ್ಲಿ ಕಬ್ಬಿಣ ಕಾರ್ಖಾನೆಯ ಎಂಜಿನಿಯರ್ ವಿಲಿಯಂ ಬ್ರಂಟನ್ ಹಬೆ ಕಡೆ ತಿರುಗಿದ. ಅಲ್ಲಪ್ಪ, ಎಂಜಿನ್‌ನಿಂದ ಚಕ್ರ ತಿರುಗಿಸಿದ್ರೆ ಮುಗೀತಿತ್ತಲ್ಲ? ಮುಗೀತಿರಲಿಲ್ಲ. ನುಣುಪು ಹಳಿ ಮೇಲೆ ನುಣುಪು ಚಕ್ರ ನಿಂತಲ್ಲೇ ಜಾರುತ್ತೆ, ಭಾರ ಎಳೆಯಲ್ಲ ಅಂತ ಆಗ ಬಹಳ ಜನ ನಂಬಿದ್ರು. ಕೆಸರಲ್ಲಿ ಗಾಡಿ ಹೂತ್ರೆ ನಾವೇನ್ ಮಾಡ್ತೀವಿ? ಇಳಿದು, ಕಾಲೂರಿ, ಹಿಂದಿನಿಂದ ತಳ್ತೀವಿ. ಬ್ರಂಟನ್ ಮಾಡಿದ್ದೂ ಅದನ್ನೇ.

ಬಾಯ್ಲರ್ ಕೂತಿದ್ದು ಚಕ್ರದ ಮೇಲೇನೇ, ಆದ್ರೆ ಆ ಚಕ್ರ ಇದ್ದದ್ದು ಭಾರ ಹೊರೋಕೆ ಮಾತ್ರ. ಹಿಂದುಗಡೆ ಎರಡು ಕಬ್ಬಿಣದ ಕಾಲು, ಕೀಲು, ತುದೀಲಿ ಪಾದ. ಪಿಸ್ಟನ್ ಒತ್ತಿದ್ರೆ ಒಂದು ಪಾದ ನೆಲಕ್ಕೆ ಊರಿ ಗಾಡೀನ ಮುಂದಕ್ಕೆ ನೂಕುತ್ತೆ. ಅಷ್ಟರಲ್ಲಿ ಇನ್ನೊಂದು ಪಾದ ಮೇಲೆದ್ದು ಮುಂದಿನ ಹೆಜ್ಜೆಗೆ ತಯಾರು. ಸುಮಾರು ಎರಡೂಕಾಲು ಟನ್ನಿನ ಪ್ರಾಣಿ, ಗಂಟೆಗೆ ಸುಮಾರು 3 ಮೈಲಿ. ಬ್ಯಾಗ್ ಹೊತ್ಕೊಂಡು ಈ ಏರು ಹತ್ತಿದ ನನ್ನ ವೇಗಾನೂ ಹೆಚ್ಚುಕಮ್ಮಿ ಅಷ್ಟೇ.

ನನಗೆ ಹೊಟ್ಟೆ ಉರಿದಿದ್ದು ಎಲ್ಲಿ ಗೊತ್ತಾ? ಉತ್ತರದ ವೈಲಂನಲ್ಲಿ ವಿಲಿಯಂ ಹೆಡ್ಲಿ ಅನ್ನೋನು ಭಾರ ತುಂಬಿದ ಗಾಡಿ ಮೇಲೆ ಆಳುಗಳನ್ನ ನಿಲ್ಲಿಸಿ, ಚಕ್ರಕ್ಕೆ ಜೋಡಿಸಿದ ಹಿಡಿಕೆಯನ್ನ ಅವರ ಕೈಲೇ ತಿರುಗಿಸಿ ನೋಡಿದ. ಭಾರ ಇದ್ರೆ ಚಕ್ರ ತಾನಾಗೇ ಹಳಿ ಹಿಡಿಯುತ್ತೆ, ಜಾರಲ್ಲ! ಅವನ ಪಫಿಂಗ್ ಬಿಲ್ಲಿ ಎಂಜಿನ್ ಇವತ್ತೂ ಲಂಡನ್ನಿನ ಸೈನ್ಸ್ ಮ್ಯೂಸಿಯಮ್ಮಿನಲ್ಲಿದೆ. ಬ್ರಂಟನ್ ಪಾಪ, ಇಲ್ಲದ ಕಾಯಿಲೆಗೆ ಚೆನ್ನಾಗಿರೋ ಔಷಧಿ ಕಂಡುಹಿಡಿದಿದ್ದ.

ಆಮೇಲೆ ಬ್ರಂಟನ್ ಉತ್ತರ ಇಂಗ್ಲೆಂಡಿನ ನ್ಯೂಬಾಟಲ್ ಕಲ್ಲಿದ್ದಲು ಗಣಿಗೆ ಇಂಥದ್ದೇ ಇನ್ನೊಂದನ್ನ ಕಟ್ಟಿದ. 1815ರಲ್ಲಿ ಅದು ನಡೆಯೋದನ್ನ ನೋಡೋಕೆ ಜನ ಸುತ್ತ ಸೇರಿದ್ರು. ಬಾಯ್ಲರ್ ಸಿಡೀತು. ಹತ್ತಕ್ಕೂ ಹೆಚ್ಚು ಜನ ಸತ್ತರು. ಕಾಲಿನದೇನೂ ತಪ್ಪಿರಲಿಲ್ಲ.