ಸೌಟು ಯಾರ ಕೈಯಲ್ಲಿ?

ಫಾದರ್, ಸಿಸ್ಟರ್, ಗುರಿಕಾರರೇ, ಮತ್ತೆ ನಮ್ಮ ಚರ್ಚಿನ ತಿಂಗಳ ಊಟಕ್ಕೆ ತರಕಾರಿ ಹೆಚ್ಚಲು ಪ್ರತಿ ತಿಂಗಳೂ ತಪ್ಪದೆ ಬರುವ ನೆರೆಮನೆಯವರೇ, ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಕೆಲವರ ಮನೆಮಾತು ಕೊಂಕಣಿ, ಕೆಲವರದ್ದು ತುಳು. ಜಗಳ ಬೇಡ ಅಂತ ಕನ್ನಡದಲ್ಲೇ ಮಾತಾಡುತ್ತೇನೆ.

ಜಗಳ ಅಂದೆ ಅಲ್ವಾ, ಅಲ್ಲಿಂದಲೇ ಶುರು ಮಾಡೋಣ. ಕ್ರೈಸ್ತ ಸಭೆಯ ಒಳಗೆ ಎದ್ದ ಮೊದಮೊದಲ ಜಗಳಗಳಲ್ಲಿ ಒಂದು ಊಟದ್ದು. ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳ 6ನೇ ಅಧ್ಯಾಯದಲ್ಲಿ ಬರುತ್ತದೆ. ಜೆರುಸಲೇಮಿನಲ್ಲಿ ದಿನಾ ಊಟ ಹಂಚುತ್ತಿದ್ದರು. ನಮ್ಮ ಕಡೆಯ ವಿಧವೆಯರನ್ನು ಬಿಟ್ಟುಬಿಡುತ್ತಿದ್ದೀರಿ ಅಂತ ಗ್ರೀಕ್ ಮಾತಾಡುವವರು ಗೊಣಗಿದರು. ನಮ್ಮಲ್ಲಿ ಇದಕ್ಕೆ ಹಳೇ ಮಾತೇ ಇದೆ, ಪಂಕ್ತಿಭೇದ.

ಆಗ ಪ್ರೇಷಿತರು, ಅಂದರೆ ಯೇಸುವಿನ ಆಪ್ತ ಶಿಷ್ಯರು, ಏಳು ಜನರನ್ನು ಆರಿಸಿ ಅಂದರು. ಆ ಹೆಸರು ಓದಿ ನೋಡಿ. ಸ್ತೇಫನ, ಫಿಲಿಪ್ಪ, ನಿಕನೋರ, ತಿಮೋನ... ಏಳೂ ಗ್ರೀಕ್ ಹೆಸರುಗಳು. ದೂರು ಹೇಳಿದವರ ಕಡೆಯವರಿಗೇ ಸೌಟು ಕೊಟ್ಟರು ಅಂತ ನಾನು ಓದಿಕೊಳ್ಳುತ್ತೇನೆ. ನಾವಾಗಿದ್ದರೆ ಒಂದು ಉಪಸಮಿತಿ ಮಾಡಿ, ವರದಿ ತರಿಸಿ, ಮುಂದಿನ ಮಹಾಸಭೆಗೆ ಇಡುತ್ತಿದ್ದೆವು.

ಸೌಟಿನ ಕೆಲಸ ಆಮೇಲೆ ಬೆಳೆಯಿತು. 251ರ ಹೊತ್ತಿಗೆ ಪೋಪ್ ಕೊರ್ನೇಲಿಯುಸ್ ಬರೆದ ಒಂದು ಪತ್ರದಲ್ಲಿ ರೋಮಿನ ಲೆಕ್ಕ ಇದೆ. 46 ಗುರುಗಳು, ಬಡವರ ಸೇವೆ ನೋಡಿಕೊಳ್ಳುವ 7 ಡೀಕನ್‌ಗಳು, ಸಭೆಯನ್ನೇ ನಂಬಿಕೊಂಡ 1500ಕ್ಕೂ ಜಾಸ್ತಿ ವಿಧವೆಯರು, ಬಡವರು. ಏಳೇ ವರ್ಷದ ನಂತರ, 258ರಲ್ಲಿ, ಅದೇ ಊರಲ್ಲಿ ಡೀಕನ್ ಆಗಿದ್ದ ಲಾರೆನ್ಸರನ್ನು ಕೊಂದರು. ಚರ್ಚಿನ ಸಂಪತ್ತು ತಂದೊಪ್ಪಿಸು ಅಂತ ರೋಮಿನ ಅಧಿಕಾರಿ ಅಂದಾಗ ಅವರು ಬಡವರನ್ನು ಕರೆತಂದು ನಿಲ್ಲಿಸಿದರಂತೆ. ನಮ್ಮ ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರು ಇವರೇ. ಜನವರಿ ಹಬ್ಬಕ್ಕೆ ಜಾತಿ ಮತ ನೋಡದೆ ಎಲ್ಲರೂ ಹೋಗಿ ಮೇಣದ ಬತ್ತಿ ಹಚ್ಚುತ್ತೇವೆ. ಆ ಸಂತರ ಕೆಲಸ ಬಡವರ ಊಟ ನೋಡಿಕೊಳ್ಳುವುದಾಗಿತ್ತು ಅನ್ನೋದು ಮಾತ್ರ ನೆನಪಾಗುವುದಿಲ್ಲ.

ನಾವೂ ಹಂಚಿ ತಿನ್ನುವವರೇ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮರಿಯಮ್ಮನ ಹುಟ್ಟುಹಬ್ಬಕ್ಕೆ, ಆಶೀರ್ವದಿಸಿದ ತೆನೆ ಮನೆಗೆ ತಂದು, ಹೊಸ ಅಕ್ಕಿಯನ್ನು ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತೇವೆ. ದುಬೈಯಲ್ಲಿರುವ ಮಗನಿಗೆ ಲಕೋಟೆಯಲ್ಲಿ ನಾಲ್ಕು ಕಾಳು ಕಳಿಸುವವರೂ ಇದ್ದಾರೆ. ಅಷ್ಟು ದೂರದವರ ನೆನಪಿರುತ್ತದೆ. ಪಕ್ಕದ ಮನೆಯವರದ್ದೇ ಕಷ್ಟ.

ಹೇಗೆ ಅಂದರೆ, ನಮ್ಮ ತಿಂಗಳ ಊಟದಲ್ಲಿ ನಾವೇ ಪಂಕ್ತಿಭೇದ ಮಾಡಿದೆವು. ಲೆಕ್ಕ ಸರಿ ಇರಲಿ ಅಂತ ಟೋಕನ್ ತಂದದ್ದು. ದುಡ್ಡು ಕೊಟ್ಟವರಿಗೆ ಬಿಳಿ, ಕೊಡಲಾಗದವರಿಗೆ ಹಳದಿ. ಐಡಿಯಾ ನನ್ನದೇ. ಲೆಕ್ಕವೇನೋ ಚೊಕ್ಕ ಆಯಿತು. ನಮ್ಮ ವಾಳೆಯ, ಅಂದರೆ ನಮ್ಮ ಗುರಿಕಾರರು ನೋಡಿಕೊಳ್ಳುವ ವಾರ್ಡಿನ, ಒಬ್ಬರು ಬಾಯಮ್ಮ ಮಾತ್ರ ಪೂಜೆ ಮುಗಿದ ಕೂಡಲೇ ಸಿಮೆಟ್ರಿ ಪಕ್ಕದ ದಾರಿಯಲ್ಲಿ ಸುಮ್ನೆ ಹೊರಟುಬಿಡುತ್ತಿದ್ದರು. ಕೇಳಿದರೆ, "ಹೊಟ್ಟೆ ಸರಿ ಇಲ್ಲ ಮಗಾ" ಅನ್ನುತ್ತಿದ್ದರು. ಮೂರನೇ ತಿಂಗಳೂ ಅದೇ ಉತ್ತರ ಬಂದಾಗ ನನ್ನ ತಲೆಗೆ ಹೊಳೆಯಿತು. ಕೆಟ್ಟದ್ದು ಅವರ ಹೊಟ್ಟೆಯಲ್ಲ, ನನ್ನ ಹಳದಿ ಚೀಟಿ.

ಟೋಕನ್ ನಿಲ್ಲಿಸಿ ಬಾಗಿಲ ಬಳಿ ಒಂದು ಮುಚ್ಚಿದ ಡಬ್ಬ ಇಟ್ಟೆವು. ಹಾಕುವವರು ಹಾಕಲಿ, ಯಾರೂ ನೋಡುವುದು ಬೇಡ. ಮೊದಲ ತಿಂಗಳು ದುಡ್ಡು ಕಮ್ಮಿ ಬಿತ್ತು. ಮೀನು ಬಿಟ್ಟು ಸಾರು, ಪಲ್ಯ ಮಾಡಿದೆವು. ಅಷ್ಟರಲ್ಲಿ ಬಾಯಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಮನೆಯಲ್ಲೇ ಉಳಿದರು.

ಆಗ ಅವರ ಮನೆಗೆ ಊಟದ ಕ್ಯಾರಿಯರ್ ಹೊತ್ತದ್ದು ನಮ್ಮ ವಿನ್ಸೆಂಟ್ ದೆ ಪಾವ್ಲ್ ಸಭೆಯವರು. ಪ್ಯಾರಿಸಿನಲ್ಲಿ 1833ರಲ್ಲಿ ಫ್ರೆಡರಿಕ್ ಓಜಾನಾಮ್ ಎಂಬ 20 ವರ್ಷದ ಹುಡುಗ ಗೆಳೆಯರ ಜೊತೆ ಶುರು ಮಾಡಿದ ಸಭೆ ಅದು. ಅವರ ಕ್ರಮ ನನಗೆ ಇಷ್ಟ. ಬಡವರನ್ನು ಆಫೀಸಿಗೆ ಕರೆಸುವುದಿಲ್ಲ, ಇಬ್ಬರಿಬ್ಬರಾಗಿ ಅವರ ಮನೆಗೇ ಹೋಗುತ್ತಾರೆ. ಹೋಗಿ ಕೂರುತ್ತಾರೆ, ಚಾ ಕೊಟ್ಟರೆ ಕುಡಿಯುತ್ತಾರೆ.

ಸಂಜೆ ಕ್ಯಾರಿಯರ್ ವಾಪಸು ಬಂತು. ತೊಳೆದು ಒರೆಸಿತ್ತು. ಕೆಳಗಿನ ಡಬ್ಬಿ ಮಾತ್ರ ಭಾರ. ತೆಗೆದು ನೋಡಿದರೆ ನಾಲ್ಕು ಬಿಂಬುಳಿ ಕಾಯಿ, ತೊಟ್ಟು ಇನ್ನೂ ಹಸಿ. ಪಾತ್ರೆ ಖಾಲಿ ಕಳಿಸಬಾರದಲ್ವಾ? ಜೊತೆಗೆ ಒಂದು ದೂರೂ ಬಂದಿತ್ತು: "ಸಾರಿಗೆ ಮೆಣಸು ಜಾಸ್ತಿ, ಕೊತ್ತಂಬರಿ ಸಾಲದು."

ದೂರು ಹೇಳಿದವರ ಕೈಗೆ ಸೌಟು ಕೊಡಬೇಕು. ಆದರೆ ಬಾಯಮ್ಮನಿಗೆ ಜಾಸ್ತಿ ಹೊತ್ತು ನಿಲ್ಲಲಾಗದು. ಹಾಗಾಗಿ ಊಟದ ಹಿಂದಿನ ದಿನ ಮೆಣಸು, ಕೊತ್ತಂಬರಿ, ಜೀರಿಗೆ ಅವರ ಮನೆಗೆ ಹೋಗುತ್ತದೆ. ಮಂಚದ ಮೇಲೆ ಕೂತು ಆರಿಸಿ, ತೊಟ್ಟು ಬಿಡಿಸಿ, ತಮ್ಮ ಅಳತೆಯಲ್ಲಿ ಕಟ್ಟಿ ಕಳಿಸುತ್ತಾರೆ. ಒಂದು ಚಮಚ ಆಚೀಚೆ ಮಾಡಲು ಅಡಿಗೆಯವರಿಗೆ ಧೈರ್ಯ ಇಲ್ಲ.

ಮುಂದಿನ ಊಟ ಎರಡನೇ ಭಾನುವಾರ. ಬೆಳಿಗ್ಗೆ ಆರು ಗಂಟೆಗೆ ಹೆಚ್ಚಲು ಕೂರುತ್ತೇವೆ. ಚೂರಿ ನಿಮ್ಮದೇ ತನ್ನಿ, ಚರ್ಚಿನದ್ದು ಮೊಂಡು.