ಹಳೇ ಮನೆಯ ಅಳತೆಗೆ ಹೊಸ ಮನೆ

ಕೇಳುಗರಿಗೆ ನಮಸ್ಕಾರ. ಲಂಡನ್ನಿನಿಂದ ಸರ್ರೆ ಕಡೆಗೆ ರೈಲಿನಲ್ಲಿ ಹೊರಟರೆ, ಒಂದು ಕಡೆ ಸಾಲು ಮನೆಗಳು ಮುಗಿದು ಕುದುರೆ ಮೇಯುವ ಹುಲ್ಲುಗಾವಲು ಶುರುವಾಗುತ್ತದೆ. ಅದು ತಾನಾಗೇ ಉಳಿದದ್ದಲ್ಲ, ಊರು ಬೆಳೆದು ನುಂಗದಂತೆ ಗ್ರೀನ್ ಬೆಲ್ಟ್ ಅಂತ ಕಾದಿಟ್ಟ ನೆಲ. ಲಂಡನ್ ಸುತ್ತಲಿನ ಜಾಗಕ್ಕೆ 1938ರಲ್ಲೇ ಕಾಯ್ದೆ ಬಂತು. 1955ರ ನಂತರ ಬೇರೆ ಊರುಗಳಿಗೂ ಹಬ್ಬಿತು.

ಅಲ್ಲಿ ಖಾಲಿ ಹೊಲದಲ್ಲಿ ಮನೆ ಕಟ್ಟಲು ಅನುಮತಿ ಸಿಗುವುದು ಬಲು ಕಷ್ಟ. ಸರ್ರೆಯ ಸಾಲ್ಫರ್ಡ್ಸ್‌ನ ರೈತ ರಾಬರ್ಟ್ ಫಿಡ್ಲರ್ ಹುಲ್ಲಿನ ಪೆಂಡಿಗಳ ಮರೆಯಲ್ಲಿ ಕೋಟೆಯಂಥ ಮನೆಯನ್ನೇ ಕಟ್ಟಿಕೊಂಡಿದ್ದರು. ಆಗಿನ ನಿಯಮದಂತೆ ನಾಲ್ಕು ವರ್ಷ ಯಾರೂ ಆಕ್ಷೇಪಿಸದಿದ್ದರೆ ಮನೆ ಉಳಿಯುತ್ತದೆ ಅನ್ನೋ ಲೆಕ್ಕಾಚಾರ. ಕೋರ್ಟ್ ಒಪ್ಪಲಿಲ್ಲ. 2016ರಲ್ಲಿ ಕೆಡವಬೇಕಾಯಿತು.

ಆದರೆ ಇರುವ ಮನೆ ಕೆಡವಿ ಇನ್ನೊಂದು ಕಟ್ಟಬಹುದು. ಅದು ಹಳೆಯದಕ್ಕಿಂತ ಗಣನೀಯವಾಗಿ ದೊಡ್ಡದಾಗಬಾರದು, ಅಷ್ಟೇ. ಗಣನೀಯ ಅಂದ್ರೆ ಎಷ್ಟು? ರಾಷ್ಟ್ರೀಯ ನೀತಿಯಲ್ಲಿ ಅಂಕಿಯೇ ಇಲ್ಲ. ಕೆಲವು ಕೌನ್ಸಿಲ್‌ಗಳು, ಅಂದ್ರೆ ಅನುಮತಿ ಕೊಡುವ ಸ್ಥಳೀಯ ಆಡಳಿತಗಳು, ತಮ್ಮದೇ ಪರ್ಸೆಂಟ್ ಇಟ್ಟುಕೊಂಡಿವೆ.

ಹಾಗಾಗಿ ಆರ್ಕಿಟೆಕ್ಟ್ ಮೊದಲು ಹಿಡಿಯುವುದು ಪೆನ್ಸಿಲ್ಲಲ್ಲ, ಟೇಪು. ಚದರಡಿ, ಘನ ಅಳತೆ, ಸೂರಿನ ನೆತ್ತಿಯ ಎತ್ತರ ಎಲ್ಲ ಬರೆದುಕೊಳ್ಳಬೇಕು. ಆಮೇಲೆ ಚೌಕಾಸಿ. "ಹಳೇ ಮನೆಗೆ ಅನುಮತಿ ಕೇಳದೇನೇ ಹಿಂಭಾಗಕ್ಕೆ ಇಷ್ಟು ಸೇರಿಸಲು ಕಾನೂನೇ ಬಿಡುತ್ತಿತ್ತು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ" ಅಂತ ಕೇಳುತ್ತಾರೆ. ಮಲಗುವ ಕೋಣೆಗಳನ್ನು ಇಳಿಜಾರು ಮಾಡಿನೊಳಗೇ ತೂರಿಸುತ್ತಾರೆ. ಮೇಲೇರಲು ಆಗದಿದ್ದರೆ ನೆಲಮಾಳಿಗೆ ತೋಡುತ್ತಾರೆ. ಬಯಲು ಬಯಲಾಗಿಯೇ ಕಾಣಬೇಕು ಅನ್ನುವುದು ನಿಯಮದ ಜೀವಾಳ, ಅಲ್ವಾ? ನೆಲದೊಳಗಿನದು ಯಾರ ಕಣ್ಣಿಗೂ ಬೀಳದು. ಆದರೂ ಕೆಲವು ಕೌನ್ಸಿಲ್‌ಗಳು ಅದನ್ನೂ ಎಣಿಸುತ್ತವೆ!

ಇನ್ನು ಬಾವಲಿ, ಅಲ್ಲಿ ಕಾನೂನಿನ ರಕ್ಷಣೆ ಇರುವ ಪ್ರಾಣಿ. ಹೆಂಚಿನ ಸಂದಿಯಲ್ಲಿ ಅವು ಇರುವ ಸುಳಿವು ಸಿಕ್ಕರೆ, ಬೇಸಿಗೆಯ ಸಂಜೆ ತಜ್ಞರು ಹೊರಗೆ ಕೂತು, ಹಾರಿ ಬರುವುದನ್ನು ಒಂದೊಂದಾಗಿ ಎಣಿಸಬೇಕು. ಸೆಪ್ಟೆಂಬರ್ ದಾಟಿತೋ, ಮುಂದಿನ ಮೇ ತಿಂಗಳವರೆಗೆ ಕಾಯುವುದೇ. ಅಲ್ಲಿಯವರೆಗೆ ಹಳೇ ಮನೆಯನ್ನು ಮುಟ್ಟಬಾರದು. ಬಾವಲಿ ಇಲ್ಲದಿದ್ದರೂ ಅನುಮತಿಗೆ ಮುಂಚೆ ಕೆಡವುವುದು ಶುದ್ಧ ದಡ್ಡತನ. ಕೆಡವಿದರೆ ಬದಲಿಸಲು ಮನೆಯೇ ಇಲ್ಲ, ನಿಮ್ಮದೂ ಖಾಲಿ ಹೊಲ.

ನನಗೆ ಸರಿ ಕಾಣದ್ದು ತೆರಿಗೆ. ಪೂರ್ತಿ ಕೆಡವಿ ಕಟ್ಟಿದರೆ ವ್ಯಾಟ್ ಸೊನ್ನೆ. ಗಟ್ಟಿ ಗೋಡೆ ಉಳಿಸಿಕೊಂಡು ರಿಪೇರಿ ಮಾಡಿದರೆ, ಸಾಮಾನ್ಯವಾಗಿ ಶೇಕಡಾ 20. ಇನ್ನೂ ಐವತ್ತು ವರ್ಷ ಬಾಳಬಹುದಾದ ಮನೆಗೂ ಜೆಸಿಬಿ ಬರುವುದು ಸುಮ್ನೆ ಅಲ್ಲ.