‘ಯಾಕೆ’ ಅಂತ ಬರೆದಿದ್ದೀರಾ?

ಕೇಳುಗರೆಲ್ಲರಿಗೂ ನಮಸ್ಕಾರ.

ಕೆಲಸ ಮಾಡುವಾಗ ಪೆಟ್ಟಾಯಿತು. ಪರಿಹಾರ ಕೇಳಿದರೆ ವಿಮಾ ಕಂಪನಿ "ಇದು ಕೆಲಸದಿಂದ ಆದದ್ದಲ್ಲ" ಅಂದಿತು. ನ್ಯಾಯಾಧೀಶರ ಹತ್ತಿರ ಹೋದರೆ ಅಲ್ಲೂ ಸೋಲು. ಪರವಾಗಿಲ್ಲ, ಮೇಲೊಂದು ಮಂಡಳಿ ಇದೆಯಲ್ಲ, ಅಲ್ಲಿ ಹೋಗಿ ಎಲ್ಲವನ್ನೂ ಮತ್ತೆ ಬಿಡಿಸಿ ಹೇಳಿಕೊಂಡರಾಯಿತು ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಹಾಗೆ ನಡೆಯುವುದಿಲ್ಲ. ಮಂಡಳಿ ನಿಮ್ಮನ್ನು ಕರೆದು ಕೂರಿಸಿಕೊಂಡು ಕೇಳುವುದಿಲ್ಲ. ಕಡತ ತೆಗೆದು ಓದುತ್ತದೆ, ಅಷ್ಟೇ.

ಇವತ್ತು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಕಾರ್ಮಿಕ ಪರಿಹಾರ ಮೇಲ್ಮನವಿ ಮಂಡಳಿಯ ಬಗ್ಗೆ ಮಾತಾಡೋಣ. ತಕರಾರು ಬಿದ್ದ ಕ್ಲೇಮುಗಳನ್ನು ಅದು ಹೇಗೆ ತೀರ್ಮಾನ ಮಾಡುತ್ತದೆ ಅನ್ನುವುದೇ ವಿಷಯ.

ಹಿಂದಿನ ಕಾಲದಲ್ಲಿ ಗಾಯಗೊಂಡ ಕೆಲಸಗಾರ ಮಾಲೀಕನ ಮೇಲೆ ದಾವೆ ಹೂಡಬೇಕಿತ್ತು. ಮಾಲೀಕನ ಬಾಯಲ್ಲಿ ಮೂರು ಉತ್ತರ ಸಿದ್ಧವಾಗಿರುತ್ತಿದ್ದವು. ತಪ್ಪು ನಿನ್ನದೇ. ಇಲ್ಲವೇ, ಅಪಾಯ ಇದೆ ಅಂತ ಗೊತ್ತಿದ್ದೇ ಕೆಲಸಕ್ಕೆ ಸೇರಿದೆ. ಅದೂ ಅಲ್ಲದಿದ್ದರೆ, ತಪ್ಪು ನಿನ್ನ ಜೊತೆಯವನದು, ಅವನನ್ನು ಕೇಳು. ಮೂರರಲ್ಲಿ ಒಂದು ನಿಂತರೂ ಕೈಗೆ ಬಿಡಿಗಾಸು ಬರುತ್ತಿರಲಿಲ್ಲ. 1911ರಲ್ಲಿ ಕ್ಯಾಲಿಫೋರ್ನಿಯಾ ಪರಿಹಾರದ ಕಾನೂನು ತಂದಿತು. ಆದರೆ ಸೇರುವುದು ಬಿಡುವುದು ಮಾಲೀಕರ ಇಷ್ಟ. 1913ರ ಕಾನೂನು ಅದನ್ನು ಕಡ್ಡಾಯ ಮಾಡಿತು. ಅದರ ಹಿಂದೆ ಒಂದು ಕೊಡು-ಕೊಳ್ಳುವ ಒಪ್ಪಂದ ಇದೆ. ತಪ್ಪು ಯಾರದು ಅಂತ ಕೇಳುವುದಿಲ್ಲ, ಪರಿಹಾರ ಕೊಡುತ್ತೇವೆ. ಅದಕ್ಕೆ ಬದಲಾಗಿ ಕೆಲಸಗಾರ ಮಾಲೀಕನ ಮೇಲೆ ಕೋರ್ಟಿಗೆ ಹೋಗುವಂತಿಲ್ಲ. ಈಗಿರುವ ಮಂಡಳಿ ಇದೇ ಹೆಸರಿನಲ್ಲಿ ಕೆಲಸ ಶುರು ಮಾಡಿದ್ದು 1966ರಲ್ಲಿ.

ತಪ್ಪು ಯಾರದು ಅನ್ನುವ ಜಗಳ ಹೋಯಿತು. ಹಾಗಾದರೆ ಜಗಳವೇ ನಿಂತಿತಾ? ಎಲ್ಲಿ ನಿಲ್ಲುತ್ತದೆ! ಈಗಿನ ಜಗಳ ಬೇರೆ. ಈ ನೋವು ಕೆಲಸದಿಂದಲೇ ಬಂತಾ? ಬಂದಿದ್ದರೆ ಎಷ್ಟು ಪಾಲು ಕೆಲಸದ್ದು, ಎಷ್ಟು ಪಾಲು ವಯಸ್ಸಿನದು?

ಒಬ್ಬ ಗೋದಾಮು ಕೆಲಸಗಾರನನ್ನು ಊಹಿಸಿಕೊಳ್ಳಿ. ವಯಸ್ಸು ಐವತ್ತೆರಡು. ಭಾರದ ಪೆಟ್ಟಿಗೆ ಎತ್ತುವಾಗ ಸೊಂಟದಲ್ಲಿ ಏನೋ ಕಳಕ್ ಅಂದ ಹಾಗಾಯಿತು. ಅವನು ಕ್ಲೇಮ್ ಫಾರಂ ತುಂಬಿ ಮಾಲೀಕನಿಗೆ ಕೊಡುತ್ತಾನೆ. ಸಾಮಾನ್ಯವಾಗಿ ಅಲ್ಲಿಂದ 90 ದಿನದೊಳಗೆ ವಿಮಾ ಕಂಪನಿ ಕ್ಲೇಮನ್ನು ತಿರಸ್ಕರಿಸದಿದ್ದರೆ, ಗಾಯ ಕೆಲಸದಿಂದಲೇ ಆದದ್ದು ಅಂತ ಕಾನೂನು ಭಾವಿಸುತ್ತದೆ. ತೀರ್ಮಾನ ಆಗುವ ತನಕ 10,000 ಡಾಲರ್‌ವರೆಗೆ ಚಿಕಿತ್ಸೆ ಕೊಡಿಸಲೇಬೇಕು. ನಮ್ಮ ಗೋದಾಮಿನವನಿಗೆ ಎಂಬತ್ತನೇ ದಿನ ಪತ್ರ ಬರುತ್ತದೆ. ಕ್ಲೇಮ್ ತಿರಸ್ಕೃತ.

ಅಲ್ಲಿಂದ ವಿಷಯ ಡಾಕ್ಟರ ಕೈಗೆ ಹೋಗುತ್ತದೆ. ಎರಡೂ ಕಡೆಯವರಿಗೆ ಸೇರದ, ರಾಜ್ಯದ ಪಟ್ಟಿಯಲ್ಲಿರುವ ವೈದ್ಯರೊಬ್ಬರು ಪರೀಕ್ಷೆ ಮಾಡಿ ವರದಿ ಬರೆಯುತ್ತಾರೆ. ನನ್ನ ಮಟ್ಟಿಗೆ ಇಡೀ ಪ್ರಕರಣದ ಹಣೆಬರಹ ಇರುವುದು ಈ ವರದಿಯಲ್ಲಿ. ವಕೀಲರ ವಾದ ಎಲ್ಲ ಆಮೇಲಿನ ಮಾತು.

ಎರಡು ವರದಿಗಳ ಒಂದೊಂದು ಸಾಲು ಓದುತ್ತೇನೆ. ಇವು ನಾನೇ ಬರೆದುಕೊಂಡ ಮಾದರಿಗಳು. ಮೊದಲನೆಯದು: "ರೋಗಿಯ ಬೆನ್ನುಮೂಳೆಯಲ್ಲಿ ಸವೆತ ಇದೆ. ಆದ್ದರಿಂದ ಅಂಗವೈಕಲ್ಯದ ಅರ್ಧ ಭಾಗ ಸವೆತದಿಂದ, ಅರ್ಧ ಭಾಗ ಗಾಯದಿಂದ." ಎರಡನೆಯದು: "ಈ ಮಟ್ಟದ ಸವೆತ ಈ ವಯಸ್ಸಿನಲ್ಲಿ ಸಾಮಾನ್ಯ. ಗಾಯಕ್ಕೆ ಮುಂಚೆ ರೋಗಿಗೆ ನೋವಿರಲಿಲ್ಲ, ಚಿಕಿತ್ಸೆಯೂ ಬೇಕಾಗಿರಲಿಲ್ಲ. ಆದರೆ ಬೆನ್ನುಮೂಳೆಗಳ ನಡುವಿನ ಬಿಲ್ಲೆ, ಅಂದರೆ ಡಿಸ್ಕ್, ಸವೆದಿದ್ದರೆ ಅದಕ್ಕೆ ಭಾರ ತಾಳುವ ಶಕ್ತಿ ಕಡಿಮೆ. ಗಟ್ಟಿ ಬೆನ್ನಿನವರಿಗೆ ಉಳುಕಾಗಿ ಹೋಗುತ್ತಿದ್ದದ್ದು ಇವರಲ್ಲಿ ಬಿಲ್ಲೆ ಹೊರಗೆ ಜಾರಿ ನರವನ್ನು ಒತ್ತಿದೆ. ಈಗ ಹತ್ತು ನಿಮಿಷ ನಿಲ್ಲಲಾಗದ್ದಕ್ಕೆ ಆ ಒತ್ತಡವೇ ಕಾರಣ. ಅದಕ್ಕೇ ಹೆಚ್ಚಿನ ಪಾಲು ಗಾಯದ್ದು, ಇಷ್ಟು ಪಾಲು ಹಳೆಯ ಸವೆತದ್ದು ಅಂತ ಹೇಳುತ್ತಿದ್ದೇನೆ."

ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ, ಅಲ್ವಾ? ಮೊದಲನೆಯದು ಸುಮ್ನೆ ಲೆಕ್ಕ ಹಾಕಿದೆ. ಎರಡನೆಯದು ಒಂದರಿಂದ ಇನ್ನೊಂದು ಹೇಗೆ ಆಯಿತು ಅಂತ ತೋರಿಸಿದೆ. 2005ರಲ್ಲಿ ಮಂಡಳಿಯ ಎಲ್ಲ ಸದಸ್ಯರೂ ಸೇರಿ ಒಂದು ಮಂಡಿನೋವಿನ ಪ್ರಕರಣದಲ್ಲಿ ತೀರ್ಪು ಕೊಟ್ಟರು. ಆ ಕೆಲಸಗಾರ್ತಿಗೆ ಮೊದಲೇ ಸಂಧಿ ಸವೆತ ಇತ್ತು. ಅರ್ಧ ಪಾಲನ್ನು ಅದಕ್ಕೆ ಹಂಚಿದ್ದನ್ನು ಮಂಡಳಿ ಎತ್ತಿಹಿಡಿಯಿತು. ಕೆಲಸಗಾರರ ಪಾಲಿಗೆ ಅದು ಕಹಿ ತೀರ್ಪೇ. ಆದರೆ ಅದೇ ತೀರ್ಪು ಡಾಕ್ಟರುಗಳಿಗೂ ಒಂದು ಕಟ್ಟು ಹಾಕಿತು. ಬೇರೆ ಕಾರಣಕ್ಕೆ ಪಾಲು ಹಂಚುವುದಾದರೆ, ಆ ಕಾರಣ ಈ ಹೊತ್ತಿನ ವೈಕಲ್ಯವನ್ನು ಹೇಗೆ ತರುತ್ತಿದೆ, ಯಾಕೆ ತರುತ್ತಿದೆ, ಯಾಕೆ ಇಷ್ಟೇ ಪಾಲು ಅಂತ ವಿವರಿಸಬೇಕು. ಊಹೆ ನಡೆಯುವುದಿಲ್ಲ. ವಿವರಣೆ ಇಲ್ಲದ ವರದಿಯನ್ನು ಸಾಕ್ಷ್ಯ ಅಂತ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಇವತ್ತಿಗೂ ವಕೀಲರು ಬಾಯಿಪಾಠ ಮಾಡಿಕೊಂಡಿರುವ ಮಾತು ಇದು: ಹೇಗೆ ಮತ್ತು ಯಾಕೆ.

ಇಲ್ಲಿ ಒಂದು ಗೊಂದಲ ಬಿಡಿಸಿಬಿಡಬೇಕು. ಪಾಲು ಹಂಚುವುದು ಪರಿಹಾರ ಎಷ್ಟು ಅನ್ನುವಾಗ. ಕ್ಲೇಮ್ ನಿಲ್ಲುತ್ತದಾ ಇಲ್ಲವಾ ಅನ್ನುವಾಗ ಪ್ರಶ್ನೆಯೇ ಬೇರೆ. ದೇಹದ ಗಾಯಕ್ಕೆ ಕೆಲಸ ಮುಖ್ಯ ಕಾರಣ ಆಗಿರಬೇಕಿಲ್ಲ, ಕಾರಣಗಳಲ್ಲಿ ಒಂದಾಗಿದ್ದರೂ ಸಾಕು. ಇದಕ್ಕೆ ಒಂದು ಮನಕಲಕುವ ಪ್ರಕರಣ ಇದೆ. ಒಬ್ಬ ಬಡಗಿ ಚಾವಣಿಯಿಂದ ಬಿದ್ದ. ತಲೆ, ಕುತ್ತಿಗೆ, ಬೆನ್ನು, ಎದೆಗೆ ಪೆಟ್ಟು. ಕೆಲಸದ ಗಾಯಕ್ಕೆ ಚಿಕಿತ್ಸೆ ಕೊಡುತ್ತಿದ್ದ ಡಾಕ್ಟರು ಕೆಲವು ಮಾತ್ರೆ ಬರೆದರು, ಅವನ ಸ್ವಂತ ಡಾಕ್ಟರು ನಿದ್ದೆಗೆ, ಆತಂಕಕ್ಕೆ ಇನ್ನು ಕೆಲವು ಬರೆದರು. 2009ರಲ್ಲಿ ಆ ಔಷಧಿಗಳೆಲ್ಲ ಒಟ್ಟಾಗಿ ಅವನ ಪ್ರಾಣ ತೆಗೆದವು. ಹೆಂಡತಿ ಮಕ್ಕಳು ಪರಿಹಾರ ಕೇಳಿದರು. ನ್ಯಾಯಾಧೀಶರು ಕೊಡಿ ಅಂದರು, ಮಂಡಳಿಯೂ ಒಪ್ಪಿತು. ಮೇಲ್ಮನವಿ ನ್ಯಾಯಾಲಯ ಅದನ್ನು ಕಿತ್ತುಹಾಕಿತು. ಕೆಲಸದ ಗಾಯಕ್ಕೆ ಕೊಟ್ಟ ಮಾತ್ರೆಯ ಪಾಲು ತೀರಾ ಸಣ್ಣದು ಅನ್ನುವುದು ಅದರ ಲೆಕ್ಕ. ಕೊನೆಗೆ 2015ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಮಂಡಳಿಯ ತೀರ್ಪನ್ನೇ ಎತ್ತಿಹಿಡಿಯಿತು. ಪಾಲು ಸಣ್ಣದಿರಲಿ ದೊಡ್ಡದಿರಲಿ, ಸಾವಿಗೆ ಅದೂ ಒಂದು ಕಾರಣ ಅಂತ ವೈದ್ಯಕೀಯವಾಗಿ ನಂಬುವಂತಿದ್ದರೆ ಸಾಕು ಅಂದಿತು. ಮಾನಸಿಕ ಕಾಯಿಲೆಯ ಕ್ಲೇಮಿಗೆ ಮಾತ್ರ ಅಳತೆ ಬಿಗಿ. ಅಲ್ಲಿ ಸಾಮಾನ್ಯವಾಗಿ ಕೆಲಸದ ಪಾಲು ಅರ್ಧಕ್ಕಿಂತ ಜಾಸ್ತಿ ಇರಬೇಕು.

ಸರಿ, ನಮ್ಮ ಗೋದಾಮಿನವನ ಕಡೆ ಬರೋಣ. ಅವನ ವಿಚಾರಣೆ ನಡೆಯುತ್ತದೆ. ಜ್ಯೂರಿ ಇಲ್ಲ, ಒಬ್ಬರೇ ನ್ಯಾಯಾಧೀಶರು. ಅವನು ಸಾಕ್ಷಿ ಹೇಳುತ್ತಾನೆ, ಇಂಗ್ಲಿಷ್ ಬಾರದಿದ್ದರೆ ದುಭಾಷಿ ಇರುತ್ತಾರೆ. ಪಾಟೀಸವಾಲಿನಲ್ಲಿ ಕಂಪನಿಯ ವಕೀಲ ಕೇಳುತ್ತಾನೆ: "ಪೆಟ್ಟಾದ ದಿನವೇ ಮೇಸ್ತ್ರಿಗೆ ಯಾಕೆ ಹೇಳಲಿಲ್ಲ?" ಅವನು ಸ್ವಲ್ಪ ತಡೆದು, "ಮಾರನೇ ದಿನಕ್ಕೆ ಸರಿಹೋಗುತ್ತೆ ಅಂದುಕೊಂಡೆ, ಸ್ವಾಮಿ" ಅನ್ನುತ್ತಾನೆ. ಆ ತಡೆದದ್ದು ಸುಳ್ಳು ಹುಡುಕಲಿಕ್ಕೋ, ನಾಚಿಕೆಗೋ? ಕಣ್ಣಾರೆ ನೋಡಿದ ನ್ಯಾಯಾಧೀಶರಿಗೆ ಗೊತ್ತು. ಕಡತ ಓದುವವರಿಗೆ ಹೇಗೆ ಗೊತ್ತಾಗಬೇಕು? ನ್ಯಾಯಾಧೀಶರು ಸಾಕ್ಷ್ಯದ ಸಾರಾಂಶ ಬರೆದಿಡುತ್ತಾರೆ. ಎಷ್ಟೋ ಸಲ ಮೇಲಿನವರ ಕಣ್ಣಿಗೆ ಬೀಳುವುದು ಆ ಸಾರಾಂಶ ಮಾತ್ರ. ಅದರಲ್ಲಿ ಆ ಒಂದು ಕ್ಷಣದ ಮೌನ ಇರುವುದಿಲ್ಲ.

ಅದಕ್ಕೇ 1970ರಲ್ಲೇ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿದೆ. ಸಾಕ್ಷಿಯನ್ನು ನಂಬಬಹುದಾ ಇಲ್ಲವಾ ಅಂತ ನ್ಯಾಯಾಧೀಶರು ಹೇಳಿದ್ದಕ್ಕೆ ಮಂಡಳಿ ದೊಡ್ಡ ಬೆಲೆ ಕೊಡಬೇಕು. ಅದನ್ನು ತಳ್ಳಿಹಾಕಬೇಕಾದರೆ ಅಷ್ಟೇ ತೂಕದ ಬೇರೆ ಸಾಕ್ಷ್ಯ ಬೇಕು. ಹಾಗಂತ ಮಂಡಳಿಯ ಕೈ ಕಟ್ಟಿಹಾಕಿಲ್ಲ. ಸಾಕ್ಷ್ಯವನ್ನು ಹೊಸದಾಗಿ ತೂಗುವ ಅಧಿಕಾರ ಅದಕ್ಕಿದೆ. ಮೇಲ್ಮನವಿ ನ್ಯಾಯಾಲಯಕ್ಕೆ ಆ ಅಧಿಕಾರ ಇಲ್ಲ.

ಇನ್ನು ತೂಕದ ವಿಷಯ. ಕಾನೂನನ್ನು ಕೆಲಸಗಾರನ ಕಡೆಗೆ ಉದಾರವಾಗಿ ಅರ್ಥ ಮಾಡಬೇಕು ಅಂತ ಇದೆ. ಅದನ್ನೇ ಹಿಡಿದು "ಅನುಮಾನ ಇದ್ದರೆ ನಮಗೇ ಕೊಡಬೇಕು" ಅನ್ನುವವರಿದ್ದಾರೆ. ಅದು ತಪ್ಪು ತಿಳಿವಳಿಕೆ. ಉದಾರತೆ ಕಾನೂನಿನ ಮಾತುಗಳಿಗೆ, ನಡೆದ ಸಂಗತಿಗಳಿಗಲ್ಲ. ಸಂಗತಿಯನ್ನು ಕೆಲಸಗಾರನೇ ರುಜುವಾತು ಮಾಡಬೇಕು. ತಕ್ಕಡಿ ಒಂದು ಕೂದಲೆಳೆಯಷ್ಟಾದರೂ ಅವನ ಕಡೆ ವಾಲಬೇಕು.

ಸೋತವರು ಮರುಪರಿಶೀಲನೆಯ ಅರ್ಜಿ ಹಾಕಬೇಕು. ಗಡುವು 20 ದಿನ. ತೀರ್ಪು ಅದೇ ರಾಜ್ಯದೊಳಗಿನ ವಿಳಾಸಕ್ಕೆ ಅಂಚೆಯಲ್ಲಿ ಬಂದಿದ್ದರೆ ಇನ್ನೈದು ದಿನ. ಅಷ್ಟರೊಳಗೆ ಅಂಚೆಗೆ ಹಾಕಿದರೆ ಸಾಲದು, ಮಂಡಳಿಗೆ ತಲುಪಿರಬೇಕು. ಒಂದು ದಿನ ದಾಟಿದರೂ ಎಂಥ ನ್ಯಾಯವಾದ ಅರ್ಜಿಯಾದರೂ ವಜಾ. ಅರ್ಜಿಗೆ ಕಾರಣಗಳೂ ಗೊತ್ತುಪಡಿಸಿದ್ದೇ. ಅಧಿಕಾರ ಮೀರಿದ್ದು, ಮೋಸದಿಂದ ಪಡೆದ ತೀರ್ಪು, ಸಾಕ್ಷ್ಯ ಸಾಲದ್ದು, ಮುಂಚೆ ಸಿಗಲು ಸಾಧ್ಯವೇ ಇಲ್ಲದಿದ್ದ ಹೊಸ ಸಾಕ್ಷ್ಯ, ಕಂಡುಕೊಂಡ ಸಂಗತಿಗೂ ಆದೇಶಕ್ಕೂ ತಾಳೆಯಾಗದ್ದು. "ನನಗೆ ಅನ್ಯಾಯ ಆಯಿತು" ಅನ್ನುವುದು ಈ ಐದರಲ್ಲಿ ಇಲ್ಲ.

ಆಮೇಲಿನದು ಸ್ವಲ್ಪ ವಿಚಿತ್ರ. ಆ ಅರ್ಜಿ ಮೊದಲು ಹೋಗುವುದು ತೀರ್ಪು ಕೊಟ್ಟ ಅದೇ ನ್ಯಾಯಾಧೀಶರ ಕೈಗೆ. ಅವರು ತಮ್ಮ ತಪ್ಪು ಒಪ್ಪಿ ತಿದ್ದಬಹುದು. ಇಲ್ಲವೇ ತಾನು ಯಾಕೆ ಹೀಗೆ ತೀರ್ಮಾನಿಸಿದೆ ಅಂತ ವರದಿ ಬರೆದು ಮೇಲಕ್ಕೆ ಕಳಿಸುತ್ತಾರೆ. ಮಂಡಳಿಯಲ್ಲಿ ಏಳು ಸ್ಥಾನಗಳಿವೆ. ಐದರಲ್ಲಿ ಅನುಭವಿ ವಕೀಲರೇ ಇರಬೇಕು, ಉಳಿದೆರಡಕ್ಕೆ ವಕೀಲರೇ ಆಗಬೇಕಿಲ್ಲ. ರಾಜ್ಯಪಾಲರು ನೇಮಿಸುತ್ತಾರೆ, ಸೆನೆಟ್ ಒಪ್ಪಬೇಕು. ಒಂದು ಕಡತವನ್ನು ಮೂವರು ನೋಡುತ್ತಾರೆ, ಇಬ್ಬರು ಒಪ್ಪಿದ್ದೇ ತೀರ್ಪು. ಎಷ್ಟೋ ಸಲ ಅವರ ಆದೇಶ ಎರಡೇ ಪ್ಯಾರಾ ಇರುತ್ತದೆ: ನ್ಯಾಯಾಧೀಶರ ವರದಿಯನ್ನು ಒಪ್ಪಿದ್ದೇವೆ, ಅರ್ಜಿ ತಿರಸ್ಕರಿಸಿದ್ದೇವೆ.

ಗೆಲುವು ಸೋಲು ಎರಡೂ ಅಲ್ಲದ ಮೂರನೇ ದಾರಿಯೂ ಇದೆ. ಡಾಕ್ಟರ ವರದಿ ಅರೆಬರೆ ಇದ್ದರೆ ಮಂಡಳಿ ತೀರ್ಪು ರದ್ದು ಮಾಡಿ ಕಡತ ವಾಪಸ್ ಕಳಿಸುತ್ತದೆ. ಆ ಡಾಕ್ಟರನ್ನೇ ಮತ್ತೆ ಕೇಳಿ, ಯಾಕೆ ಅಂತ ಬರೆಸಿಕೊಂಡು ಬನ್ನಿ ಅನ್ನುತ್ತದೆ. ಕಾಗದದ ಮೇಲೆ ಇದು ನ್ಯಾಯವೇ. ಆದರೆ ಬೆನ್ನು ಹಿಡಿದುಕೊಂಡು ಕೂತವನಿಗೆ ಇನ್ನಷ್ಟು ತಿಂಗಳು ಕಾಯುವ ಪಾಡು. ಅಂದಹಾಗೆ, ಈ ಆಪರೇಷನ್ ಬೇಕಾ ಬೇಡವಾ ಅನ್ನುವ ತಕರಾರು 2013ರಿಂದ ಈಚೆಗೆ ನ್ಯಾಯಾಧೀಶರ ಹತ್ತಿರ ಬರುವುದೇ ಅಪರೂಪ. ಅದು ಹೊರಗಿನ ವೈದ್ಯರ ಪರಿಶೀಲನೆಗೆ ಹೋಗುತ್ತದೆ.

ಮಂಡಳಿಯೂ ಸೋಲಿಸಿದರೆ 45 ದಿನದೊಳಗೆ ಮೇಲ್ಮನವಿ ನ್ಯಾಯಾಲಯದ ಬಾಗಿಲು ತಟ್ಟಬಹುದು. ಪ್ರಕರಣ ಎತ್ತಿಕೊಳ್ಳುವುದು ಬಿಡುವುದು ಅವರಿಗೆ ಬಿಟ್ಟದ್ದು.

ಕೊನೆಯದಾಗಿ ಒಂದು ಸಂಗತಿ ಹೇಳಲೇಬೇಕು. ಅರ್ಜಿಯ ಮೇಲೆ 60 ದಿನದೊಳಗೆ ಮಂಡಳಿ ಏನಾದರೂ ಮಾಡಬೇಕು, ಇಲ್ಲದಿದ್ದರೆ ಅರ್ಜಿ ತಾನಾಗಿಯೇ ತಿರಸ್ಕಾರವಾದಂತೆ. ಕೆಲಸದ ಒತ್ತಡದಲ್ಲಿ ಮಂಡಳಿ ಒಂದು ಉಪಾಯ ಕಂಡುಕೊಂಡಿತ್ತು. "ಇನ್ನಷ್ಟು ಅಧ್ಯಯನ ಬೇಕು, ಅರ್ಜಿ ಸ್ವೀಕರಿಸಿದ್ದೇವೆ" ಅಂತ ಒಂದೇ ಅಚ್ಚಿನ ಆದೇಶ ಹೊರಡಿಸಿ ಕಡತ ಇಟ್ಟುಕೊಳ್ಳುತ್ತಿತ್ತು. 2023ರಲ್ಲಿ ಇದು ಮೇಲ್ಮನವಿ ನ್ಯಾಯಾಲಯಕ್ಕೆ ಹೋಯಿತು. ಅಧ್ಯಯನಕ್ಕೆ ಹೆಚ್ಚು ಸಮಯ ತಗೊಳ್ಳಿ, ಅಡ್ಡಿಯಿಲ್ಲ ಅಂದಿತು ನ್ಯಾಯಾಲಯ. ಆದರೆ ಅರ್ಜಿಯನ್ನು ಯಾವ ಸಾಕ್ಷ್ಯದ ಮೇಲೆ, ಯಾಕೆ ಸ್ವೀಕರಿಸಿದಿರಿ ಅಂತ ಬರೆಯಲೇಬೇಕು, ಕಾನೂನಿನಲ್ಲಿ ಹಾಗೇ ಇದೆ ಅಂತ ತಿಳಿಸಿತು. ಡಾಕ್ಟರುಗಳನ್ನು ಯಾಕೆ ಯಾಕೆ ಅಂತ ಕೇಳುತ್ತಿದ್ದ ಮಂಡಳಿಗೇ ಆ ಪ್ರಶ್ನೆ ತಿರುಗಿ ಬಂತು.

ನಮಸ್ಕಾರ.